ಅರವತ್ತನಾಲ್ಕನೆಯ ಸಹಿ

ಜಿನೀವಾ, ಸೇಂ-ಜರ್ವೆ
22 ಏಪ್ರಿಲ್ 1946, ಈಸ್ಟರ್ ಸೋಮವಾರ

ಪ್ರೀತಿಯ ತಮ್ಮ ಅರ್ಮಾಂ,

ಹೇಗಿದ್ದೀಯಪ್ಪ? ಬೆನ್ನುನೋವು ಹೇಗಿದೆ? ಇನೆಸ್, ಇಬ್ಬರು ಮಕ್ಕಳು ಎಲ್ಲ ಚೆನ್ನಾಗಿದ್ದಾರೆ ತಾನೆ? ನಿನ್ನ ಹೊಸ ವರ್ಷದ ಕಾರ್ಡು ಫೆಬ್ರವರಿಯಲ್ಲಿ ಕೈಸೇರಿತು. ನಾಲ್ಕೇ ಸಾಲು, ಅದರಲ್ಲಿ ಮೂರು ನಿಮ್ಮ ಮಿಸಿಯೋನೆಸ್ಸಿನ ಮಳೆಯ ಮೇಲೆ. ಅರ್ಜೆಂಟೀನಾದ ಮಳೆ ತಗೊಂಡು ನಾನೇನು ಮಾಡಲಿ ಮಾರಾಯ? ಮಕ್ಕಳಿಗೆ ಹಲ್ಲು ಬಂತೋ ಬಿತ್ತೋ ಅದನ್ನು ಬರಿ. ನನಗೀಗ ಐವತ್ತು. ಮೊಣಕಾಲು ಮೆಟ್ಟಿಲ ಮೇಲೆ ತಕರಾರು ಮಾಡುತ್ತದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಮೂಲೆಯ ನೂಲು-ಗುಂಡಿ ಅಂಗಡಿಯಲ್ಲಿ ಕೆಲಸ. ಬ್ರೆಡ್ಡು, ಸಕ್ಕರೆಗೆ ಇನ್ನೂ ಕೂಪನ್ ಇದೆ. ಅಪ್ಪನೂ ಇದ್ದಾರೆ. ನೋಡು, ಅಪ್ಪ ಅಂದ ಕೂಡಲೇ ಕಾಗದ ಮಡಿಸಿ ಇಟ್ಟುಬಿಡಬೇಡ. ಹದಿನಾಲ್ಕು ವರ್ಷ ನಿನ್ನ ಮನಸ್ಸು ನೋಯಬಾರದೆಂದು ಅವರ ಸುದ್ದಿ ಬರೆಯದೆ ಇದ್ದೆ. ಈ ಸಲ ಬರೆಯಲೇಬೇಕು. ಈ ಕಾಗದ ಇರುವುದೇ ಅದಕ್ಕೆ, ಆದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಸುತ್ತಿ ಬಳಸಿಯೇ ಬರುತ್ತೇನೆ.

ಮೊನ್ನೆ ಗುರುವಾರ ಗುಡ್ಡದ ಮೇಲಿನ ರಾಷ್ಟ್ರಸಂಘದ ದೊಡ್ಡ ಅರಮನೆಗೆ ಹೋಗಿದ್ದೆ. ಸಂಘವನ್ನು ಮುಚ್ಚಿದರು, ಅರ್ಮಾಂ. ಕೊನೆಯ ಸಭೆ. ಪ್ರೇಕ್ಷಕರ ಗ್ಯಾಲರಿಯಲ್ಲಿ ಆರಾಮಾಗಿ ಕಾಲು ಚಾಚಿ ಕೂತೆ. ನಮ್ಮ ಕಾಲದಲ್ಲಿ ಒಂದು ಪಾಸಿಗೆ ಎಷ್ಟು ಗುದ್ದಾಟ! ಸೆಪ್ಟೆಂಬರ್ ಬಂತೆಂದರೆ ಊರಿಗೆ ಮದುವೆ ಕಳೆ ಬರುತ್ತಿತ್ತು, ನೆನಪಿದೆಯಾ? ಹೋಟೆಲುಗಳ ಮುಂದೆ ಕಾರುಗಳ ಸಾಲು, ಕೆಫೆಗಳಲ್ಲಿ ಹತ್ತು ಭಾಷೆಯಲ್ಲಿ ಜಗಳವಾಡುವ ಪತ್ರಕರ್ತರು, ಯಾವ ಮಂತ್ರಿ ಯಾರ ಜೊತೆ ಸರೋವರದ ದಂಡೆಯಲ್ಲಿ ಕಾಫಿ ಕುಡಿದ ಎಂದು ನಮ್ಮ ಹಾಲಿನಂಗಡಿಯ ಮದಾಮ್ ಬೊವೆಗೆ ಅವರ ಹೆಂಡತಿಯರಿಗಿಂತ ಮೊದಲೇ ಗೊತ್ತಿರುತ್ತಿತ್ತು. ಅವಳು ಗಿಣ್ಣು ಕತ್ತರಿಸುತ್ತ ಯುರೋಪನ್ನೂ ಕತ್ತರಿಸಿ ಹಂಚುತ್ತಿದ್ದಳು. ಗುರುವಾರ ಮುಗಿಸಿ ಹೊರಗೆ ಬಂದಾಗ ನನ್ನ ಪಕ್ಕದಲ್ಲಿ ನಡೆಯುತ್ತಿದ್ದದ್ದು ಒಬ್ಬ ವಯಸ್ಸಾದ ಪಹರೆಯವನು ಮಾತ್ರ. "ಮುಗೀತಲ್ಲ ಮದಮಾಜೆಲ್, ಮನೆಗ್ ಹೋಗಿ ಹಬ್ಬದ ಮೊಟ್ಟೆ ಬೇಯಿಸಿ" ಅಂದ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಯಾಕೆಂದು ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಸಂಘಕ್ಕಾಗಿಯೋ, ನನ್ನ ಮೂವತ್ತರ ವಯಸ್ಸಿಗಾಗಿಯೋ.

ಅಲ್ಲಿನ ವಾರ್ತಾ ವಿಭಾಗದಲ್ಲಿ ನಾನು ಕತ್ತರಿ ಹಿಡಿದು ಕಳೆದ ಹನ್ನೊಂದು ವರ್ಷ ನನ್ನ ಬದುಕಿನ ಒಳ್ಳೆಯ ಕಾಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕೆಲಸ ಕಾಯಂ ಅಲ್ಲ, ಕುರ್ಚಿಗೆ ಒಂದು ಕಾಲು ಕುಂಟು, ಆದರೂ ಬೆಳಿಗ್ಗೆ ಎಂಟಕ್ಕೆ ಲೋಕವೆಲ್ಲ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಯಾವ ದೇಶದ ಯಾವ ಪತ್ರಿಕೆ ಸಂಘವನ್ನು ಹೊಗಳಿತು, ಯಾವುದು ಉಗಿಯಿತು, ಭಾಷೆ ಬಲ್ಲವರು ಗುರುತು ಹಾಕಿ ಕೊಡುವರು, ನಾವು ಕತ್ತರಿಸಿ ಅಂಟಿಸುವೆವು. ಇಷ್ಟು ದೊಡ್ಡ ದೊಡ್ಡ ಜನ ಒಂದು ಊರಿನ ಸಣ್ಣ ಪತ್ರಿಕೆ ಏನೆಂದಿತು ಎಂದು ತಲೆ ಕೆಡಿಸಿಕೊಳ್ಳುವುದು ನನಗೆ ಬಲು ಹಿಡಿಸಿತ್ತು. ದೊರೆಗಳೆಲ್ಲ ಒಪ್ಪಂದ ಮಾಡಿ ಮುರಿಯಬಹುದು, ಸಾಮಾನ್ಯ ಜನ ಬೇಡ ಎಂದು ಒಟ್ಟಾಗಿ ಕೂಗಿದರೆ ತೋಪು ಹಾರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದೆವು. ಲೋಕಾಭಿಪ್ರಾಯ ಅನ್ನುವ ಶಬ್ದವನ್ನು ದೇವರ ಹೆಸರಿನ ಹಾಗೆ ಹೇಳುತ್ತಿದ್ದೆವು. ಅಪ್ಪ ಮಾತ್ರ ನಾನು ಮನೆಗೆ ಬಂದ ಕೂಡಲೇ ನನ್ನ ಬೆರಳು ನೋಡಿ, "ಏನಮ್ಮ, ಇವತ್ತು ಲೋಕಾಭಿಪ್ರಾಯ ಸರಿಯಾಗಿ ಅಂಟ್ತಾ? ಗೋಂದು ಸಾಕಾಯ್ತಾ?" ಎನ್ನುವರು. ನೀನು ನಕ್ಕು ಸೂಪು ನೆತ್ತಿಗೇರಿಸಿಕೊಳ್ಳುತ್ತಿದ್ದೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ ಕಣೋ.

ಆಮೇಲೆ ಮೂವತ್ತೊಂದರ ಚಳಿಗಾಲ ಬಂತು. ನಿಶ್ಶಸ್ತ್ರೀಕರಣದ ದೊಡ್ಡ ಸಮ್ಮೇಳನ ನಮ್ಮೂರಿನಲ್ಲೇ ಎಂದು ಗೊತ್ತಾದ ಮೇಲೆ ಲೋಕದ ಹೆಂಗಸರೆಲ್ಲ ಸಹಿ ಸಂಗ್ರಹಕ್ಕೆ ಇಳಿದರು. ನಮ್ಮ ಬೀದಿಯ ಸಮಿತಿಗೆ ಮದಾಮ್ ಶೊವೆ ಯಜಮಾನಿ, ನಾನು ಅವರ ಬಲಗೈ. ಮದಾಮ್ ಶೊವೆಯ ಟೊಪ್ಪಿಯ ಗರಿ ಮೊದಲು ಬಾಗಿಲಲ್ಲಿ ಕಾಣುವುದು, ಆಮೇಲೆ ಅವರು. ಒಂದು ಕೈ, ಒಂದು ಸಹಿ, ಇನ್ನೊಬ್ಬರ ಪರವಾಗಿ ಯಾರೂ ಹಾಕುವಂತಿಲ್ಲ, ಅದು ನಿಯಮ. ಮನೆಮನೆಗೆ ಹತ್ತಿ ಇಳಿದೆ. ಮೂರು ಹಾಳೆಗಳನ್ನು ಮಸಿ, ಲೇಖನಿ ಸಮೇತ ಮದಾಮ್ ಬೊವೆಯ ಹಾಲಿನಂಗಡಿಯ ಬೆಂಚಿನ ಮೇಲಿಟ್ಟೆ. ನೀನೂ ಇಪ್ಪತ್ತರ ಹುರುಪಿನಲ್ಲಿ ಇಡೀ ಬೀದಿ ಅಲೆದೆ. ಅಪ್ಪನ ಹತ್ತಿರ ಮಾತ್ರ ನಾವಿಬ್ಬರೂ ಹಾಳೆ ಒಯ್ಯಲಿಲ್ಲ. ಹೇಗೆ ಒಯ್ಯುವುದು? ಅವರು ಬಂದೂಕು ಗುರಿಕಾರರ ಸಂಘದ ಕಾರ್ಯದರ್ಶಿ. ಎಲ್ಲರ ಮನೆಯ ಹಾಗೆ ನಮ್ಮ ಮನೆಯಲ್ಲೂ ಚಳಿಗಾಲದ ಕೋಟುಗಳ ಹಿಂದೆ ಸೈನ್ಯದ ಬಂದೂಕು. ಪ್ರತಿ ಶರತ್ಕಾಲ ಅದಕ್ಕೆ ಎಣ್ಣೆ ಹಚ್ಚುವಾಗ ಅವರ ಮುಖದಲ್ಲಿ ಇರುತ್ತಿದ್ದ ಶ್ರದ್ಧೆ ಇಗರ್ಜಿಯಲ್ಲೂ ಇರುತ್ತಿರಲಿಲ್ಲ. ಮುಂದಿನ ವಸಂತಕ್ಕೆ ನಿನ್ನ ಸೈನಿಕ ತರಬೇತಿಯ ಸರದಿ ಬೇರೆ. ನೀನು ಹೋಗುವುದಿಲ್ಲ ಎಂದು ಆಗಲೇ ಗೊಣಗುತ್ತಿದ್ದೆ. ಅಪ್ಪ, "ಹೋಗ್ದೇ ಇದ್ರೆ ಜೈಲಿಗೆ ಹೋಗ್ತೀಯ. ಅಲ್ಲಿ ಊಟ ನಿಮ್ಮಕ್ಕನ ಅಡಿಗೆಗಿಂತ ಕೆಟ್ಟದಾಗಿರತ್ತೆ" ಎಂದು ತಮಾಷೆ ಮಾಡಿ ಬಾಯಿ ಮುಚ್ಚಿಸುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಜನವರಿಯಲ್ಲಿ ಒಂದು ದಿನ ನಾನೇ ಕತ್ತರಿಸಿ ಅಂಟಿಸಿದ ಒಂದು ಸುದ್ದಿ: ಎಲ್ಲೋ ಒಂದೂರಿನ ಸಹಿ ಹಾಳೆಯಲ್ಲಿ ನೆಪೋಲಿಯನ್ನನ ಹೆಸರೂ ಒಬ್ಬ ಬಿಷಪ್ಪನ ಕತ್ತೆಯ ಹೆಸರೂ ಇವೆಯೆಂದು ಪತ್ರಿಕೆ ಹಲ್ಲು ಕಿರಿದಿತ್ತು. ಇದೇನಾ ನಿಮ್ಮ ಲೋಕಾಭಿಪ್ರಾಯ ಎಂದು ಕೇಳಿತ್ತು. ನನ್ನ ಮೈ ಉರಿದುಹೋಯಿತು. ನಮ್ಮ ಬೀದಿಯ ಹಾಳೆಗಳಲ್ಲಿ ಒಂದು ಕಪ್ಪು ಚುಕ್ಕೆ ಇರಬಾರದೆಂದು ಅವತ್ತೇ ಕೆಂಪು ಪೆನ್ಸಿಲ್ ಹಿಡಿದು ಕೂತೆ. ಹಾಲಿನಂಗಡಿಯ ಒಂದು ಹಾಳೆ ಕೆಟ್ಟಿತ್ತು. ಇಪ್ಪತ್ತು ಸಾಲಿನಲ್ಲಿ ಒಂದು ಮೀಸೆಯ ಚಿತ್ರ, ಒಬ್ಬ ವಿಲ್ಹೆಲ್ಮ್ ಟೆಲ್, ಎರಡು ಬರೀ ಚುಕ್ಕೆ, ಒಂದು ಗಿಣ್ಣಿನ ಹೆಸರು, ಇನ್ನೊಂದು ಯಾವ ಭಾಷೆಯದೂ ಅಲ್ಲದ ಗೀಚು. ಆರನ್ನೂ ಹೊಡೆದು ಹಾಕಿದೆ. ಆರು ಗೀಟಿನ ಹಾಳೆ ಕಳಿಸುವುದು ಅವಮಾನವೆಂದು ಉಳಿದ ಹದಿನಾಲ್ಕು ಜನರ ಮನೆಗೆ ಹೊಸ ಹಾಳೆ ತಗೊಂಡು ಮತ್ತೆ ಹೋದೆ. ನಮ್ಮ ಕಟ್ಟಡದ ಐದು ಮಹಡಿ ಹತ್ತಿದೆ, ಮೇಲುಗಡೆ ಅಪ್ಪನ ಕೆಲಸದ ಕೋಣೆಯ ಬಾಗಿಲು ದಾಟಿ ಪಕ್ಕದ ಮುಸಿಯೋ ಜಿರೋದ ಬಾಗಿಲು ತಟ್ಟಿದೆ, ಇಳಿದೆ. ಅಪ್ಪನ ಬಾಗಿಲು ತೆರೆದೇ ಇತ್ತು. ಭೂತಗನ್ನಡಿ ಕಣ್ಣಿಗೆ ಹಾಕಿಕೊಂಡು ಯಾವುದೋ ಮೊಹರು ಕೆತ್ತುತ್ತ ಕೂತಿದ್ದರು. ನನ್ನ ಕೈಯಲ್ಲಿನ ಹಾಳೆ ನೋಡಿ ಉಳಿ ಕೆಳಗಿಟ್ಟರು. ನಾನು, "ಊಟಕ್ಕೆ ಏಳು ಗಂಟೆಗೆ ಬನ್ನಿ" ಎಂದು ಇಳಿದುಬಂದೆ.

ಫೆಬ್ರವರಿಯ ಆ ಶನಿವಾರ ನೆನಪಿದೆಯಲ್ಲ? ತೋಳಿಗೆ ಪಟ್ಟಿ ಕಟ್ಟಿಕೊಂಡು ಹೆಂಗಸರು ಜೋಡಿ ಜೋಡಿಯಾಗಿ ಸಹಿಗಳ ಕಟ್ಟು ಹೊತ್ತು ಸಮ್ಮೇಳನದ ಒಳಗೆ ನಡೆದದ್ದು? ಎಷ್ಟೋ ಲಕ್ಷ ಹೆಸರು. ಕಟ್ಟುಗಳು ಪೀಪಾಯಿಯಷ್ಟು ಭಾರ. ನಮ್ಮ ಬೀಸ್, ಆ ಬಡಗಣ ಚಳಿಗಾಳಿ, ಸರೋವರದಿಂದ ಕಿವಿ ಕೊಯ್ಯುತ್ತಿತ್ತು. ನೀನು ಹೊರಗೆ ಬೇಲಿ ಹತ್ತಿ ನನ್ನನ್ನು ನೋಡಿ ಟೊಪ್ಪಿ ಬೀಸಿದೆ. ಅಷ್ಟು ದೊಡ್ಡ ಮಂದಿಯ ನಡುವೆ ನಮ್ಮ ಬೀದಿಯ ಅರವತ್ತಮೂರು ಹೆಸರು ಒಂದೇ ಒಂದು ಕಲೆಯಿಲ್ಲದೆ ಒಳಗೆ ಹೋದವು ಎಂದು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮೇ ತಿಂಗಳಲ್ಲಿ ನೀನು ತರಬೇತಿಗೆ ಹೋಗಲಿಲ್ಲ. ಮೂರು ತಿಂಗಳು ಜೈಲಾಯಿತು. ಬಿಡುಗಡೆಯಾಗಿ ಬಂದ ಸಂಜೆ ನಾನು ನಿನ್ನ ಇಷ್ಟದ ಆಲೂಗಡ್ಡೆ ಗ್ರಾತಾಂ ಮಾಡಿದ್ದೆ. ಅದು ಹಾಗೇ ಆರಿಹೋಯಿತು. ನೀನು ಅಪ್ಪನಿಗೆ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಇಡೀ ಬೀದಿ ಸಹಿ ಹಾಕ್ತು. ಹಾಲು ಮಾರೋಳು ಹಾಕಿದ್ಲು, ಕುಡುಕ ಜಿರೋ ಹಾಕ್ದ. ನೀವೊಬ್ರು ಹಾಕ್ಲಿಲ್ಲ. ನನ್ನಪ್ಪನೇ ಹಾಕ್ಲಿಲ್ಲ." ಅಪ್ಪ ತಲೆ ಎತ್ತದೆ, "ಹಾಕಿದೀನಿ" ಅಂದರು. ನೀನು ನನ್ನ ಕಡೆ ತಿರುಗಿ, "ಅಕ್ಕಾ, ಹೌದಾ?" ಅಂದೆ. ನಾನು ಎದ್ದು ಕಪಾಟಿನಿಂದ ನನ್ನ ನೋಟುಬುಕ್ಕು ತಂದೆ, ಹಾಳೆ ಕಳಿಸುವ ಮೊದಲು ಎಲ್ಲ ಹೆಸರು ಬರೆದಿಟ್ಟುಕೊಂಡಿದ್ದೆನಲ್ಲ, ಅದನ್ನು. ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಅರವತ್ತಮೂರನ್ನೂ ಓದಿದೆ. ಪೆರೋಶೆ ಎಂಬ ಹೆಸರು ಎರಡೇ ಇದ್ದವು, ನಿನ್ನದು ಮತ್ತು ನನ್ನದು. "ಹಾಕದೆ ಇದ್ದದ್ದಕ್ಕೆ ಕ್ಷಮಿಸ್ತಿದ್ದೆ. ಮೇಲಿಂದ ಸುಳ್ಳು ಬೇರೆ. ಸುಳ್ಳುಗಾರ ನೀವು" ಎಂದೆ ನೀನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದರು, ಬಹಳ ಹೊತ್ತು. ಆಮೇಲೆ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದರು. ಆ ವಾರವೇ ನೀನು ಮಾರ್ಸೇಯ್‌ಗೆ ರೈಲು ಹತ್ತಿದೆ. ನಿಲ್ದಾಣಕ್ಕೆ ಅಪ್ಪ ಬರಲಿಲ್ಲ, ನೀನೂ ಕೇಳಲಿಲ್ಲ. ನಾನು ಸತ್ಯ ಹೇಳಿದ್ದೇನೆಂಬ ಧೈರ್ಯದಲ್ಲಿ ಹದಿನಾಲ್ಕು ವರ್ಷ ಅವರಿಗೆ ಸೂಪು ಬಡಿಸಿದೆ. ಬಡಿಸುವಾಗಲೆಲ್ಲ ಮನಸ್ಸಿನಲ್ಲಿ, ಪಾಪ ಮುದುಕ, ಮಗನ ಮುಂದೆ ಮಾನ ಉಳಿಸಿಕೊಳ್ಳಲು ಸುಳ್ಳು ಹೇಳಿದ, ಎಂದುಕೊಳ್ಳುತ್ತಿದ್ದೆ. ಆ ಕನಿಕರ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಮೊನ್ನೆ ಶನಿವಾರ ಹಬ್ಬಕ್ಕೆಂದು ಜಾಮ್ ಜಾಡಿಗಳ ಕಪಾಟು ತೊಳೆಯಲು ತೆಗೆದೆ. ಯುದ್ಧ ಶುರುವಾದಾಗ ಕಾಗದಕ್ಕೂ ಬರವಲ್ಲವೇ, ಮನೆಯಲ್ಲಿದ್ದ ಹಳೆಯ ಹಾಳೆಗಳನ್ನೇ ಬರೆದ ಮಗ್ಗುಲು ಕೆಳಗೆ ಮಾಡಿ ಹಲಗೆಗಳ ಮೇಲೆ ಹಾಸಿದ್ದೆ. ಆ ಕೆಟ್ಟ ಸಹಿ ಹಾಳೆಯೂ ಅದರಲ್ಲಿ ಸೇರಿತ್ತು. ಮೇಲಿನ ಹಲಗೆಯಲ್ಲಿ ಕ್ವಿನ್ಸ್ ಹಣ್ಣಿನ ಜಾಮಿನ ಒಂದು ಜಾಡಿ ಯಾವಾಗಲೋ ಬಿರುಕು ಬಿಟ್ಟು ಪಾಕ ಸೋರಿ, ಕಾಗದ ಎಣ್ಣೆ ಕುಡಿದ ಹಾಗೆ ಪಾರದರ್ಶಕವಾಗಿತ್ತು. ಹಿಂಬದಿಯಿಂದಲೇ ಎಲ್ಲರ ಸಹಿ ಕಾಣುತ್ತಿತ್ತು, ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ಮದಾಮ್ ಬೊವೆ ತಿರುಗಾ, ಜಿರೋ ತಿರುಗಾ. ಒಂದೇ ಒಂದು ಹೆಸರು ಮಾತ್ರ ನೆಟ್ಟಗೆ, ಅಚ್ಚು ಹೊಡೆದ ಹಾಗೆ ಇತ್ತು. ಐಸಾಕ್ ಪೆರೋಶೆ, ಮೊಹರು ಕೆತ್ತುವವನು.

ನಿನಗೆ ಈಗ ಅರ್ಥವಾಗಿರಬೇಕು. ನಮ್ಮಿಬ್ಬರಿಗಲ್ಲದೆ ಇನ್ಯಾರಿಗೆ ಅರ್ಥವಾದೀತು? ನೋಟರಿಗಳ ಮೊಹರನ್ನೂ ದೊಡ್ಡ ಮನೆಗಳ ಉಂಗುರವನ್ನೂ ಹಿಂದುಮುಂದಾಗಿ ಕೆತ್ತಿ ಕೆತ್ತಿ ಅಪ್ಪನಿಗೆ ಆ ಬರವಣಿಗೆ ಬಲಗೈ ಆಡಿಸಿದಷ್ಟು ಸಲೀಸು. ಅವರು ಬರೆದದ್ದು ಅರಗಿನ ಮೇಲೆ ಒತ್ತಿದರೇ ನೆಟ್ಟಗಾಗುತ್ತಿತ್ತು. ಅಮ್ಮನಿಗೆ ತಿಳಿಯದ ಹಾಗೆ ಅಡಿಗೆಮನೆಯ ಸ್ಲೇಟಿನ ಮೇಲೆ ನಮಗೆ ತಿರುಗಾ ಅಕ್ಷರದಲ್ಲಿ, ಚಾಕಲೇಟು ಗಡಿಯಾರದ ಹಿಂದಿದೆ, ಎಂದು ಬರೆದಿಡುತ್ತಿರಲಿಲ್ಲವೇ? ನೀನು ನೆಟ್ಟಗೆ ಬರೆಯುವುದಕ್ಕಿಂತ ಮೊದಲು ಹಾಗೆ ಬರೆಯಲು ಕಲಿತು ಶಾಲೆಯಲ್ಲಿ ಪೆಟ್ಟು ತಿಂದವನು. ಅಂಥ ಮನೆಯ ಮಗಳು ನಾನು, ಗೀಚು ಎಂದು ಹೊಡೆದು ಹಾಕಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಅವರು ಹಾಕುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ, ಆದ್ದರಿಂದ ಕಣ್ಣು ಆ ಹೆಸರನ್ನು ಹುಡುಕಲೇ ಇಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವಳು.

ಹಾಳೆ ಹಿಡಿದು ಐದನೆಯ ಮಹಡಿಗೆ ಓಡಿದೆ, ಮೊಣಕಾಲು ನೋವೂ ಗೊತ್ತಾಗಲಿಲ್ಲ. ಅಪ್ಪನಿಗೆ ಎಪ್ಪತ್ತನಾಲ್ಕು ಈಗ. ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ನರವೇ ಸೋತಿದೆ, ಶಸ್ತ್ರಕ್ರಿಯೆಯಿಂದ ಪ್ರಯೋಜನವಿಲ್ಲ ಎಂದಿದ್ದಾರೆ ಡಾಕ್ಟರು. ಆದರೂ ದಿನಾ ಕೆಲಸದ ಕೋಣೆಗೆ ಹೋಗಿ ಕೂರುತ್ತಾರೆ. ಡ್ರಾಯರಿನಲ್ಲಿ ಉಳಿದ ಹಳೆಯ ಮೊಹರುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ತಡವಿ, ಇದು ಇಂಥ ನೋಟರಿಯದು, ಇವನು ಎರಡು ಸಲ ಮದುವೆಯಾದ, ಎಂದು ಹೇಳುತ್ತಾರೆ. ಒಂದೂ ತಪ್ಪುವುದಿಲ್ಲ. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ. "ಯಾಕಪ್ಪಾ ತಿರುಗಾ ಬರೆದ್ರಿ?" ಅಂದೆ. "ನೀನು ಹಾಲಿನಂಗಡೀಲಿ ಇಟ್ಟಿದ್ದೆ ಹಾಳೇನ. ಗುರಿಕಾರರ ಸಂಘದ ಅರ್ಧ ಜನ ಅಲ್ಲೇ ಹಾಲು ತಗೊಳ್ಳೋದು. ಅವ್ರು ಓದೋದು ಬೇಡ ಅನ್ನಿಸ್ತು. ನೀನು ಓದ್ತೀಯ ಅಂತ ಗೊತ್ತಿತ್ತು. ನಿಮಗೆ ಅಂತಲೇ ಬರೆದದ್ದು" ಅಂದರು. ಅಲ್ಲ, ಬಂದೂಕಿಗೆ ಎಣ್ಣೆ ಹಚ್ಚುವವರು ಸಹಿ ಹಾಕಿದ್ದಾದರೂ ಯಾಕೆ ಎಂದರೆ ಅವರಿಗೆ ಸಿಟ್ಟೇ ಬಂತು. "ಹದಿನಾಲ್ಕರ ಯುದ್ಧದಲ್ಲಿ ನಾಲ್ಕು ಚಳಿಗಾಲ ಜುರಾ ಗಡೀಲಿ ನಿಂತು ಆಚೆ ಕಡೆ ತೋಪಿನ ಸದ್ದು ಕೇಳ್ದೋನು ನಾನು. ಬೆಳಗಾದ್ರೆ ಕಾಫಿ ಲೋಟ ಟೇಬಲ್ ಮೇಲೆ ತಾನಾಗೇ ನಡೀತಿತ್ತು. ಯುದ್ಧ ಬೇಡ ಅನ್ನೋಕೆ ನನಗೆ ನಿನ್ನ ಕರಪತ್ರ ಬೇಕಿತ್ತಾ?"

ಕೊನೆಗೆ ಕೇಳಲೇಬೇಕಾದದ್ದನ್ನು ಕೇಳಿದೆ. ಆ ಸಂಜೆ ಒಂದು ಮಾತು, ತಿರುಗಾ ಬರೆದಿದ್ದೇನೆ ಹುಡುಕಿ, ಎಂದು ಯಾಕೆ ಹೇಳಲಿಲ್ಲ? ಅಪ್ಪ ಒಂದು ಮೊಹರನ್ನು ಬೆರಳಲ್ಲಿ ತಿರುಗಿಸಿದರು. "ನನ್ನ ಕೈಬರಹ ನಿನಗೆ ತಿಳೀದೆ ಇರತ್ತೆ ಅಂತ ಹೇಗಮ್ಮ ಅಂದ್ಕೊಳ್ಳಲಿ? ನೀನು ಹೊಸ ಹಾಳೆ ಹಿಡ್ಕೊಂಡು ನನ್ನ ಬಾಗಿಲು ದಾಟಿ ಹೋದ್ಯಲ್ಲ, ಆವತ್ತೇ ಗೊತ್ತಾಯ್ತು. ಬೇಕಂತಲೇ ಹೊಡೆದು ಹಾಕಿದೀಯ ಅಂತ. ಮನೇಲಿ ಬಂದೂಕು ಇಟ್ಕೊಂಡೋನ ಸಹಿ ಲೆಕ್ಕಕ್ಕಿಲ್ಲ ಅಂತ ನನ್ನ ಮಕ್ಕಳಿಬ್ರೂ ತೀರ್ಮಾನ ಮಾಡಿದೀರ ಅಂತ. ಯೋಚ್ನೆ ಮಾಡ್ದೆ. ನೀವು ಹೇಳೋದ್ರಲ್ಲೂ ಸತ್ಯ ಇದೆ ಅನ್ನಿಸ್ತು. ಸುಮ್ಮನಾದೆ." ಇಷ್ಟೇ ಅರ್ಮಾಂ. ಹದಿನಾಲ್ಕು ವರ್ಷ ಆ ಮುದುಕರು ನನ್ನ ಕೆಂಪು ಗೀಟನ್ನು ತೀರ್ಪು ಎಂದು ಒಪ್ಪಿಕೊಂಡು, ನಾನು ಬಡಿಸಿದ್ದನ್ನು ಉಂಡು, ಚೆನ್ನಾಗಿದೆಯಮ್ಮ ಎಂದಿದ್ದಾರೆ. ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ನನ್ನ ತಲೆಯನ್ನೂ ಮೊಹರಿನ ಹಾಗೆ ಹೆಬ್ಬೆರಳಿನಿಂದ ತಡವಿ, "ಕೂದಲು ಎಷ್ಟು ತೆಳ್ಳಗಾಗಿದೆಯೇ" ಅಂದರು.

ಸುಳ್ಳುಗಾರ ಅವರಲ್ಲ. ನಾನೂ ಸುಳ್ಳಿ ಅಲ್ಲ, ಬರೀ ಮುಠ್ಠಾಳೆ. ನಿನ್ನ ಸಿಟ್ಟು ಇನ್ನೂ ಇದ್ದರೆ ಅದು ನನಗೆ ಸೇರಬೇಕಾದದ್ದು, ನನಗೇ ಕಳಿಸು, ಸಹಿ ಹಾಕಿ ತೆಗೆದುಕೊಳ್ಳುತ್ತೇನೆ.

ನಿನ್ನೆ ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಮೊಟ್ಟೆಗಳನ್ನು ಒಂದಕ್ಕೊಂದು ಕುಟ್ಟಿ ಆಡಿದೆವು, ಅಪ್ಪನದು ಒಡೆಯಲಿಲ್ಲ, ಅವರೇ ಗೆದ್ದರು. ಇನೆಸ್‌ಗೆ ನನ್ನ ಅಕ್ಕರೆ ತಿಳಿಸು. ಕಂಡಿಲ್ಲದ ಆ ಇಬ್ಬರು ಮಕ್ಕಳ ಕೆನ್ನೆಗೆ ನನ್ನ ಮುತ್ತು. ದೇವರು ನಿಮ್ಮ ಮನೆಯ ಸೂರನ್ನೂ ಹೊಲವನ್ನೂ ಕಾಯಲಿ.

ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ,
ಕ್ಲೆಮಾಂಸ್

ಮರೆತಿದ್ದೆ. ಮಂಗಳವಾರ ಬೆಳಿಗ್ಗೆ, ಹತ್ತಕ್ಕೆ ವಿಮಾನದ ಅಂಚೆ ಮುಚ್ಚುತ್ತಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಹಾಳೆಯನ್ನೇ ಇದರೊಳಗೆ ಇಟ್ಟಿದ್ದೇನೆ. ಜಿಗುಟಾಗಿದೆ, ಕ್ವಿನ್ಸ್ ವಾಸನೆ ಇನ್ನೂ ಇದೆ. ಹಿಂಬದಿಯಿಂದ ನೋಡು. ಪೆನ್ಸಿಲು ಮಸಿಯ ಹಾಗೆ ಕಾಗದಕ್ಕೆ ಇಳಿಯುವುದಿಲ್ಲ, ಆ ಕಡೆ ನನ್ನ ಕೆಂಪು ಗೀಟೂ ಕಾಣುವುದಿಲ್ಲ. ಇನ್ನೊಂದು. ಅಪ್ಪನ ಎದೆ ಸೋತಿದೆ, ಮುಂದಿನ ಚಳಿಗಾಲದ ಮಾತು ಡಾಕ್ಟರು ಆಡುತ್ತಿಲ್ಲ. ಅಷ್ಟು ದೂರದಿಂದ ಬಾ ಎಂದು ಕೇಳುವುದಿಲ್ಲ. ಆದರೆ ಉತ್ತರವನ್ನು ಕಾಗದದ ಮೇಲೆ ಬರೆಯಬೇಡ. ಕಾಗದವಾದರೆ ಅದನ್ನು ನಾನೇ ಅವರಿಗೆ ಓದಿ ಹೇಳಬೇಕಾಗುತ್ತದೆ, ನಿಮ್ಮಿಬ್ಬರ ಮಧ್ಯೆ ನಾನು ಓದಿ ಹೇಳಿದ್ದು ಒಂದು ಜನ್ಮಕ್ಕೆ ಸಾಕು. ಅಲ್ಲಿ ಮರಕ್ಕೇನೂ ಬರವಿಲ್ಲವಂತೆ. ಅಪ್ಪ ಕಲಿಸಿದ ಕೈ ಇನ್ನೂ ಮರೆತಿರಲಾರದು. ಅಂಗೈಯಗಲ ಒಂದು ತುಂಡಿನ ಮೇಲೆ ನಿನ್ನ ಹೆಸರು ಕೆತ್ತಿ ಕಳಿಸು, ಆಳವಾಗಿ, ತಿರುಗಾ ಅಕ್ಷರದಲ್ಲಿ. ಕಟ್ಟು ಬಿಚ್ಚದೆ ಅವರ ಕೈಗೇ ಕೊಡುತ್ತೇನೆ.